ಹಿತ್ತಲಲ್ಲಿ ಸದಾ ಕೆಸರು, ಅಲ್ಲೇ ನೈದಿಲೆ ಬೆಳೆಸಬಹುದಾ?

ಪ್ರಶ್ನೆ: ನಮ್ಮ ಹಿತ್ತಲ ಮೂಲೆಯಲ್ಲಿ ಮಳೆಗಾಲ ಪೂರ್ತಿ ನೀರು ನಿಲ್ಲುತ್ತೆ. ಗುಲಾಬಿ, ದಾಸವಾಳ ಏನು ನೆಟ್ಟರೂ ಬೇರು ಕೊಳೆಯುತ್ತೆ. ಅಲ್ಲೇ ಪುಟ್ಟ ನೀರಿನ ತೋಟ ಮಾಡಿದರೆ ಸೊಳ್ಳೆ ಜಾಸ್ತಿ ಆಗಲ್ವಾ?

ಧಾರಾಳವಾಗಿ ಮಾಡಿ. ಆದರೆ ಗುದ್ದಲಿ ಹಿಡಿಯೋ ಮೊದಲು ಆ ನೀರು ಎಲ್ಲಿಂದ ಬರುತ್ತಿದೆ ಅಂತ ನೋಡಿ. ಬೇಸಿಗೆಯಲ್ಲೂ ಅಲ್ಲಿ ಒದ್ದೆ ಇದ್ದರೆ ಮನೆಯ ನಲ್ಲಿಗಳನ್ನೆಲ್ಲ ಬಂದ್ ಮಾಡಿ, ಮೀಟರ್ ನೋಡಿ. ಆಗಲೂ ಅದು ತಿರುಗುತ್ತಿದ್ದರೆ ಪೈಪ್ ಸೋರುತ್ತಿದೆ. ನೈದಿಲೆ ಆಮೇಲೆ, ಮೊದಲು ಪ್ಲಂಬರ್ ಕರೆಸಿ. ಗಬ್ಬು ವಾಸನೆ ಇದ್ದರಂತೂ ಶೌಚದ ಗುಂಡಿ ಕಡೆ ಅನುಮಾನ ಪಡಬೇಕು.

ಬರೀ ಮಳೆ ನೀರಾ? ಹಾಗಾದರೆ ಅಲ್ಲಿ ಒಂದೂವರೆ ಅಡಿ ಗುಂಡಿ ತೋಡಿ, ಮಳೆ ಬೀಳದ ಹಾಗೆ ಮುಚ್ಚಿಟ್ಟು, ಮಾರನೇ ದಿನ ನೋಡಿ. ತಾನಾಗೇ ನೀರು ಒಸರಿ ತುಂಬಿಕೊಂಡಿದ್ದರೆ ಕೆಳಗಿಂದಲೂ ನೀರು ಏರುತ್ತಿದೆ ಅಂತ ಅರ್ಥ. ಇದನ್ನು ನೋಡದೆ ನಾನು ಪ್ಲಾಸ್ಟಿಕ್ ಟಬ್ ಹೂತಿದ್ದೆ. ಆಷಾಢದಲ್ಲಿ ಒಂದು ಸಂಜೆ, ಪಾಚಿ ತೊಳೆಯೋಣ ಅಂತ ಅದನ್ನು ಖಾಲಿ ಮಾಡಿ ಹಾಗೇ ಬಿಟ್ಟೆ. ರಾತ್ರಿ ಜಡಿಮಳೆ. ಬೆಳಗ್ಗೆ ಎದ್ದು ನೋಡಿದರೆ ಟಬ್ ನಾಲ್ಕು ಬೆರಳು ಮೇಲೆದ್ದು ದೋಣಿ ಥರ ವಾಲಿ ನಿಂತಿದೆ, ಸುತ್ತಲಿನ ಮಣ್ಣೆಲ್ಲ ಸೀಳಿದೆ! ಟಾರ್ಪಾಲಿನ್ ಹಾಸಿದರೂ ಇದೇ ಕಥೆ, ಅಡಿಯ ನೀರು ಅದನ್ನು ಗುಳ್ಳೆಯ ಹಾಗೆ ಉಬ್ಬಿಸುತ್ತೆ. ಅಂಥ ಜಾಗಕ್ಕೆ ಭಾರದ ಸಿಮೆಂಟ್ ತೊಟ್ಟಿಯೇ ಸರಿ, ಅದನ್ನೂ ಮಳೆಗಾಲದಲ್ಲಿ ಖಾಲಿ ಮಾಡಬೇಡಿ. ಮನೆ ಗೋಡೆಯಿಂದ ದೂರ ಇರಲಿ. ಪುಟ್ಟ ಮಕ್ಕಳಿದ್ದರೆ ಮೇಲೆ ಗಟ್ಟಿ ಜಾಲರಿ ಬೇಕೇ ಬೇಕು, ಗೇಣುದ್ದ ನೀರೂ ಅವರಿಗೆ ಅಪಾಯ.

ನೈದಿಲೆಗೆ ಅಗಲ ಬಾಯಿಯ ಕುಂಡ, ಜಿಗುಟಾದ ಗದ್ದೆ ಮಣ್ಣು, ಮೇಲೊಂದು ಪದರ ಜಲ್ಲಿ. ಹಸಿ ಸಗಣಿ ಬೇಡ, ನೀರು ಹಸಿರಾಗುತ್ತೆ. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳದಿದ್ದರೆ ಬರೀ ಎಲೆಯೇ ನೋಡ್ತಾ ಕೂರಬೇಕು. ತೊಟ್ಟಿ ಸುತ್ತಲಿನ ಕೆಸರಲ್ಲಿ ಕೆಸು, ಬಜೆ, ಒಂದೆಲಗ ಸೊಂಪಾಗಿ ಬರುತ್ತವೆ. ಬಚ್ಚಲ ಸೋಪಿನ ನೀರು ಹರಿಯೋ ಜಾಗವಾದರೆ ಒಂದೆಲಗದ ತಂಬುಳಿ ಆಸೆ ಬಿಟ್ಟು ಕ್ಯಾನಾ ನೆಡಿ.

ಇನ್ನು ಸೊಳ್ಳೆ. ತೊಟ್ಟಿಗೆ ನಾಲ್ಕೈದು ಗಪ್ಪಿ ಮೀನು ಬಿಟ್ಟರೆ ಮರಿಹುಳಗಳನ್ನು ಅವೇ ತಿಂದು ಮುಗಿಸುತ್ತವೆ. ನಿಜವಾದ ತೊಂದರೆ ತೊಟ್ಟಿಯ ಹೊರಗೆ, ಕೆಸರಲ್ಲಿ ಮೂಡಿದ ನಮ್ಮದೇ ಹೆಜ್ಜೆ ಗುಳಿಗಳಲ್ಲಿ. ಅಲ್ಲಿ ಒಂದು ವಾರ, ಹತ್ತು ದಿನ ನೀರು ನಿಂತರೆ ಸಾಕು, ಮೊಟ್ಟೆ ಸೊಳ್ಳೆಯಾಗಿ ಹಾರುತ್ತೆ. ಓಡಾಡೋಕೆ ನಾಲ್ಕು ಚಪ್ಪಡಿ ಹಾಕಿ, ಗುಳಿಗಳನ್ನು ಆಗಾಗ ಮಟ್ಟ ಮಾಡ್ತಾ ಇರಿ. ಮೀನು ಜಾಸ್ತಿಯಾದವು ಅಂತ ಕೆರೆಗೆ, ಹಳ್ಳಕ್ಕೆ ಬಿಡಬೇಡಿ, ಅಲ್ಲಿನ ಮೀನುಗಳಿಗೆ ಕಷ್ಟ. ನರ್ಸರಿಯವರು ಚೆಂದದ ತಿಳಿನೇರಳೆ ಹೂವು ತೋರಿಸಿ ಅಂತರಗಂಗೆ ಕೊಡೋಕೆ ಬಂದರೆ ಅದನ್ನೂ ಬೇಡ ಅನ್ನಿ.