ಮಗಳಿಗೆ ಬ್ಯಾಕ್ ಬಂದಾಗ ಅಪ್ಪ-ಅಮ್ಮ ಏನು ಮಾಡಬೇಕು?

ಪ್ರಶ್ನೆ: ಮಗಳು ಹಾಸ್ಟೆಲ್‌ನಲ್ಲಿದ್ದು ಇಂಜಿನಿಯರಿಂಗ್ ಓದುತ್ತಿದ್ದಾಳೆ. ಮೊದಲ ಸೆಮಿಸ್ಟರ್‌ನಲ್ಲೇ ಮ್ಯಾಥ್ಸ್‌ನಲ್ಲಿ ಫೇಲಾಗಿ ಬ್ಯಾಕ್ ಬಂತು. ಮೂರು ದಿನದಿಂದ ರೂಮು ಬಿಟ್ಟು ಹೊರಗೆ ಬಂದಿಲ್ಲವಂತೆ. ನಾವು ಜಾಸ್ತಿ ಸ್ಟ್ರಿಕ್ಟಾಗಿ ಬೆಳೆಸಿದ್ದೇ ತಪ್ಪಾಯಿತಾ?

ಉತ್ತರ: ಎಂಥ ಸ್ಟ್ರಿಕ್ಟು ಅನ್ನೋದರ ಮೇಲೆ ಹೋಗುತ್ತದೆ. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಡಯಾನಾ ಬಾಮ್‌ರಿಂಡ್ ಎಂಬ ಮನಶ್ಶಾಸ್ತ್ರಜ್ಞೆ ನರ್ಸರಿ ಮಕ್ಕಳನ್ನೂ ಅವರ ಮನೆಯವರನ್ನೂ ನೋಡಿ ಮೂರು ಬಗೆಯ ಪೋಷಕರನ್ನು ಗುರುತಿಸಿದರು. ‘ನಾನು ಹೇಳಿದ್ದೇ ಆಗಬೇಕು’ ಅನ್ನುವವರು. ಕೇಳಿದ್ದಕ್ಕೆಲ್ಲ ಹೂಂ ಅನ್ನುವವರು. ನಿಯಮ ಇಟ್ಟು, ಯಾಕೆ ಅಂತ ಹೇಳಿ, ಮಗುವಿನ ಮಾತಿಗೂ ಕಿವಿ ಕೊಡುವವರು. 1983ರಲ್ಲಿ ಮ್ಯಾಕೋಬಿ ಮತ್ತು ಮಾರ್ಟಿನ್ ಎಂಬ ಮನಶ್ಶಾಸ್ತ್ರಜ್ಞರು ನಾಲ್ಕನೆಯದನ್ನು ಸೇರಿಸಿದರು: ತಲೆಯೇ ಕೆಡಿಸಿಕೊಳ್ಳದವರು. ಕಾಲೇಜು ಮಕ್ಕಳ ಬಗೆಗಿನ ಎಷ್ಟೋ ಅಧ್ಯಯನಗಳಲ್ಲಿ, ಮೂರನೇ ಬಗೆಯ ಮನೆಯಿಂದ ಬಂದವರೇ ಪೆಟ್ಟು ಬಿದ್ದರೂ ಬೇಗ ಸುಧಾರಿಸಿಕೊಳ್ಳುವವರು.

ನನಗೆ ಜಾಸ್ತಿ ಚಿಂತೆ ಆಗೋದು ಇನ್ನೊಂದು ಬಗೆಯವರ ಬಗ್ಗೆ. ಬೈಯುವುದಿಲ್ಲ, ಪ್ರೀತಿಗೂ ಕೊರತೆಯಿಲ್ಲ. ಆದರೆ ಮಕ್ಕಳ ಕೆಲಸವೆಲ್ಲ ಇವರದೇ. ಮೆಸ್ಸಿನ ಸಾರು ನೀರಾದರೆ ಅಮ್ಮ ವಾರ್ಡನ್‌ಗೆ ಫೋನ್ ಮಾಡುತ್ತಾರೆ. ನಮ್ಮ ಪಕ್ಕದ ಮನೆ ಹುಡುಗನಿಗೆ ಒಂದು ಸಬ್ಜೆಕ್ಟ್ ಹೋಗಿತ್ತು. ರೀವ್ಯಾಲ್ (ಮರುಮೌಲ್ಯಮಾಪನ) ಫಾರ್ಮ್ ತುಂಬಿದ್ದು ಅವರಪ್ಪ. “ಎಷ್ಟು ಮಾರ್ಕ್ಸಿಗೆ ಹೋಯ್ತೋ?” ಅಂದೆ. “ಅಪ್ಪಂಗೆ ಗೊತ್ತು ಆಂಟಿ” ಅಂದ! ಚಿಕ್ಕ ಸೋಲನ್ನೂ ತಾನೇ ನಿಭಾಯಿಸಿ ಗೊತ್ತಿಲ್ಲದವರಿಗೆ ಒಂದು ಬ್ಯಾಕ್ ಬಂದರೂ ಎಲ್ಲ ಮುಗಿದಂತೆ ಕಾಣುತ್ತದೆ.

ಹಾಗಂತ ಎಲ್ಲ ತಪ್ಪನ್ನೂ ನಿಮ್ಮ ತಲೆ ಮೇಲೆ ಹೊತ್ತುಕೊಳ್ಳಬೇಡಿ. ಮಗು ಮೊದಲೇ ಸೂಕ್ಷ್ಮ ಅಂತ ಅಪ್ಪ-ಅಮ್ಮ ಹಿಂದೆ ಬಿದ್ದಿರುವುದೂ ಉಂಟಲ್ವಾ? ಮನೆಯೊಂದೇ ಎಲ್ಲವನ್ನೂ ನಿರ್ಧರಿಸುವುದೂ ಇಲ್ಲ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಜೊತೆಗಾರರು ದಶಕಗಳ ಕಾಲ ಗಮನಿಸಿದರು. ತೀರಾ ಕಷ್ಟದ ಮನೆಗಳ ಮಕ್ಕಳಲ್ಲೂ ಸುಮಾರು ಮೂರರಲ್ಲಿ ಒಂದು ಪಾಲು ಚೆನ್ನಾಗಿಯೇ ಬೆಳೆದರು. ಅವರಿಗೆ ನೆಚ್ಚಿಕೊಳ್ಳಲು ಒಬ್ಬರಾದರೂ ದೊಡ್ಡವರಿದ್ದರು. ಕೆಲವರಿಗೆ ಅದು ಅಜ್ಜಿ, ಕೆಲವರಿಗೆ ಮೇಷ್ಟ್ರು.

ಮೂರು ದಿನ ರೂಮಿನಲ್ಲೇ ಇರುವುದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಊಟ, ನಿದ್ದೆ ಬಿಟ್ಟಿದ್ದರೆ ಹೋಗಿ ನೋಡಿಕೊಂಡು ಬನ್ನಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅವಳಿಗೂ ನಂಬರ್ ಕೊಡಿ.

ಇವತ್ತು ಫೋನ್ ಮಾಡಿದಾಗ ಮೊದಲು ಊಟ ಆಯ್ತಾ ಅಂತ ಕೇಳಿ. ಆಮೇಲೆ “ರೀವ್ಯಾಲ್ ಹಾಕ್ತೀಯಾ, ಮತ್ತೆ ಬರೀತೀಯಾ?” ಅಂತ ಕೇಳಿ ಸುಮ್ನಿರಿ. ಅವಳು ಎರಡು ನಿಮಿಷ ಮಾತಾಡದಿದ್ದರೂ ಉತ್ತರ ನೀವು ಹೇಳಿಕೊಡಬೇಡಿ.