ಟವೆಲ್ ಹಾಕಿದ ಸೀಟು: ಕ್ಲಸ್ಟರ್‌ನಲ್ಲಿ ಯಾರಿಗೆ ಎಷ್ಟು?

ಹಬ್ಬದ ಹಿಂದಿನ ದಿನ ಬಸ್‌ಸ್ಟ್ಯಾಂಡಿಗೆ ಹೋದವರಿಗೆ ಇದು ಗೊತ್ತು. ಬಸ್ಸು ಇನ್ನೂ ಪೂರ್ತಿ ನಿಂತಿರುವುದಿಲ್ಲ, ಅಷ್ಟರಲ್ಲಿ ಕಿಟಕಿಯಿಂದ ಟವೆಲ್ ಒಳಗೆ ಬಿದ್ದಿರುತ್ತದೆ. ಸೀಟಿನಲ್ಲಿ ಯಾರೂ ಇಲ್ಲ, ಆದರೂ ಅದು ಖಾಲಿ ಇಲ್ಲ. ಹಲವು ಕಂಪ್ಯೂಟರ್‌ಗಳನ್ನು ಒಟ್ಟಿಗೆ ಜೋಡಿಸಿ, ನೂರಾರು ಜನ ಹಂಚಿಕೊಂಡು ಬಳಸುವ ಕ್ಲಸ್ಟರ್‌ಗಳಲ್ಲೂ ಜಗಳ ಇದೇ. ಯಾರು ಎಷ್ಟು ಬಳಸಿದರು ಅಂತ ಲೆಕ್ಕ ಇಡುವುದು ಹಳೇ ಕೆಲಸ. ಯಾರು ಎಷ್ಟು ಹಿಡಿದಿಟ್ಟುಕೊಂಡು ಸುಮ್ನೆ ಕೂತರು ಅಂತ ನೋಡಲು ಶುರು ಮಾಡಿದ್ದು ಬಹಳ ತಡವಾಗಿ.

ಮೊದಲು ಲೆಕ್ಕ ಇಟ್ಟಿದ್ದು ಸಮಯಕ್ಕೆ. 1961ರ ನವೆಂಬರ್‌ನಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ನಡೆಸಿ ತೋರಿಸಿತು. ಒಂದೇ ಯಂತ್ರವನ್ನು ಹಲವರು ಒಟ್ಟಿಗೆ ಬಳಸಬಹುದಿತ್ತು. ಅಲನ್ ಶೆರ್ ಎಂಬ ಪಿಎಚ್‌ಡಿ ವಿದ್ಯಾರ್ಥಿಗೆ ಅದರಲ್ಲಿ ವಾರಕ್ಕೆ 4 ಗಂಟೆ ಸಿಗುತ್ತಿತ್ತು. ಸಾಲಲಿಲ್ಲ. 1962ರಲ್ಲಿ ಅವರು ಎಲ್ಲರ ಪಾಸ್‌ವರ್ಡ್ ಇದ್ದ ಫೈಲನ್ನೇ ಪ್ರಿಂಟ್ ಹಾಕಿಸಿಕೊಂಡು, ಬೇರೆಯವರ ಹೆಸರಿನಲ್ಲಿ ಕೆಲಸ ಮುಂದುವರಿಸಿದರು. ತಮಾಷೆ ಏನೆಂದರೆ, ಅವರ ಸಂಶೋಧನೆಯ ವಿಷಯವೇ ಇಂಥ ಹಂಚಿಕೆಯ ಯಂತ್ರ ಹೇಗೆ ನಡೆದುಕೊಳ್ಳುತ್ತದೆ ಅಂತ ಅಳೆಯುವುದು! ಅಳತೆ ಮಾಡುವವನೇ ಕದ್ದು ಬಳಸಿದ.

ಮುಂದೆ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಬಂತು. ಅದರ ಹಂಚಿಕೆಯಲ್ಲಿ ಒಂದು ದೊಡ್ಡ ತೂತು ಇತ್ತು. ಅದು ಸಮಯವನ್ನು ಹಂಚುತ್ತಿದ್ದದ್ದು ಮನುಷ್ಯರಿಗಲ್ಲ, ಓಡುತ್ತಿರುವ ಪ್ರೋಗ್ರಾಮ್‌ಗಳಿಗೆ. ನೀವು ಒಂದು ಪ್ರೋಗ್ರಾಮ್ ಓಡಿಸಿ, ನಾನು ಹತ್ತು ಓಡಿಸಿದರೆ ನನಗೆ ಹತ್ತು ಪಾಲು. ಗಟ್ಟಿಯಾಗಿ ನುಗ್ಗಿದವನಿಗೇ ಜಾಸ್ತಿ, ಅಲ್ವಾ? ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯದ ಜೂಡಿ ಕೇ ಮತ್ತು ಪಿಯರ್ಸ್ ಲಾಡರ್ ಇದಕ್ಕೆ ಒಂದು ಉಪಾಯ ಹುಡುಕಿ 1988ರಲ್ಲಿ ಪ್ರಕಟಿಸಿದರು. ಹೆಸರು ಫೇರ್ ಶೇರ್. ಪಾಲು ಮನುಷ್ಯನಿಗೆ, ಪ್ರೋಗ್ರಾಮಿಗಲ್ಲ. ಲೆಕ್ಕ ನೋಡುವುದೂ ಈ ಕ್ಷಣದ್ದಲ್ಲ, ಹಲವು ದಿನಗಳದ್ದು. ಮೊನ್ನೆ ಜಾಸ್ತಿ ತಿಂದವರು ಇವತ್ತು ಸ್ವಲ್ಪ ಕಾಯಬೇಕು. ಆದರೆ ಹಳೇ ಪಾಪ ನಿಧಾನಕ್ಕೆ ಕರಗುತ್ತಾ ಹೋಗುತ್ತದೆ.

ನನ್ನ ಪ್ರಕಾರ ಈ ಇಡೀ ಕತೆಯಲ್ಲಿ ಅತ್ಯಂತ ಜಾಣತನದ ಹೆಜ್ಜೆ ಇದು. ಇವತ್ತಿಗೂ ಅದೇ ನಡೆಯುತ್ತಿದೆ. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಹುಟ್ಟಿದ ಸ್ಲರ್ಮ್ ಎಂಬ ತಂತ್ರಾಂಶ ಈಗ ಪ್ರಪಂಚದ ಎಷ್ಟೋ ಸೂಪರ್‌ಕಂಪ್ಯೂಟರ್‌ಗಳ ಕ್ಯೂ ನೋಡಿಕೊಳ್ಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ, 3.3 ಪೆಟಾಫ್ಲಾಪ್ (ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ) ಸಾಮರ್ಥ್ಯದ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರ್‌ನಲ್ಲೂ ಇದೇ ಸ್ಲರ್ಮ್. ಇದರ ಹಳೇ ಸೂತ್ರ ಸರಳ. ನಿಮ್ಮ ಪಾಲು ನೂರಕ್ಕೆ 10 ಎಂದುಕೊಳ್ಳಿ. ಏನೂ ಬಳಸದಿದ್ದರೆ ನಿಮ್ಮ ಅಂಕ 1. ಅಂಕ ಜಾಸ್ತಿ ಇದ್ದಷ್ಟೂ ಕ್ಯೂನಲ್ಲಿ ಮುಂದೆ. ಸರಿಯಾಗಿ 10 ಬಳಸಿದ್ದರೆ 0.5. 20 ಬಳಸಿದ್ದರೆ 0.25. ಕ್ಲಸ್ಟರ್ ನೋಡಿಕೊಳ್ಳುವ ಅಡ್ಮಿನ್ ಬದಲಿಸದಿದ್ದರೆ, ಬಳಕೆಯ ಲೆಕ್ಕ ಪ್ರತಿ 7 ದಿನಕ್ಕೆ ಅರ್ಧಕ್ಕೆ ಇಳಿಯುತ್ತದೆ. ಕ್ಲಸ್ಟರ್‌ಗೆ ಓಡಿಸಲು ಕೊಡುವ ಕೆಲಸಕ್ಕೆ ಜಾಬ್ ಅನ್ನುತ್ತಾರೆ. ರಾತ್ರಿ ಹನ್ನೊಂದಕ್ಕೆ ‘ನನ್ನ ಜಾಬ್ ಯಾಕೆ ಪೆಂಡಿಂಗ್?’ ಅಂತ ಕೇಳುವ ವಿದ್ಯಾರ್ಥಿಗೆ ಉತ್ತರ ಹೆಚ್ಚಾಗಿ ಈ ಅಂಕದಲ್ಲೇ ಇರುತ್ತದೆ. ಎಸ್‌ಶೇರ್ (sshare) ಅಂತ ಟೈಪ್ ಮಾಡಿದರೆ ಅಲ್ಲೇ ಕಾಣುತ್ತದೆ.

ಇಲ್ಲಿಗೆ ನ್ಯಾಯ ಸಿಕ್ಕಿತು ಎನ್ನುವಂತಿಲ್ಲ. ಕ್ಲಸ್ಟರ್‌ನಲ್ಲಿ ಜಾಬ್ ಹಾಕುವಾಗ ಎಷ್ಟು ಕೋರ್ (ಪ್ರೊಸೆಸರ್‌ನೊಳಗಿನ ಲೆಕ್ಕ ಮಾಡುವ ಘಟಕ), ಎಷ್ಟು ಮೆಮೊರಿ, ಎಷ್ಟು ಗಂಟೆ ಬೇಕು ಅಂತ ಮೊದಲೇ ಬರೆದುಕೊಡಬೇಕು. ಅರ್ಧಕ್ಕೆ ಜಾಬ್ ಸತ್ತುಹೋದರೆ ಅನ್ನುವ ಭಯಕ್ಕೆ ಎಲ್ಲರೂ ಜಾಸ್ತಿಯೇ ಕೇಳುತ್ತಾರೆ. ಎರಡು ಗಂಟೆಯ ಕೆಲಸಕ್ಕೆ 24 ಗಂಟೆ. ಇದರಿಂದ ಕೇಳಿದವರಿಗೂ ನಷ್ಟವಿದೆ. ದೊಡ್ಡ ಜಾಬ್‌ಗೆ ಜಾಗ ಕೂಡಿಬರುವ ತನಕ ನಡುವಿನ ಖಾಲಿ ಹೊತ್ತಿನಲ್ಲಿ ಚಿಕ್ಕ ಜಾಬ್‌ಗಳನ್ನು ತೂರಿಸುವ ಬ್ಯಾಕ್‌ಫಿಲ್ ಪದ್ಧತಿ 1990ರ ದಶಕದಲ್ಲೇ ಬಂತು. 24 ಗಂಟೆ ಅಂತ ಬರೆದುಕೊಟ್ಟವರು ಆ ಸಂದಿಯಲ್ಲಿ ಹಿಡಿಸುವುದಿಲ್ಲ.

ಮೆಮೊರಿಯದ್ದು ಇನ್ನೊಂದು ಕತೆ. ಒಬ್ಬರು ಒಂದೇ ಒಂದು ಕೋರ್ ಕೇಳುತ್ತಾರೆ, ಜೊತೆಗೆ ಆ ನೋಡ್‌ನ, ಅಂದರೆ ಕ್ಲಸ್ಟರ್‌ನ ಆ ಒಂದು ಕಂಪ್ಯೂಟರ್‌ನ, ಮೆಮೊರಿ ಪೂರ್ತಿ. ಉಳಿದ ಕೋರ್‌ಗಳು ಇದ್ದೂ ಇಲ್ಲದಂತೆ. ಬರೀ ಕೋರ್ ಲೆಕ್ಕ ಹಿಡಿದರೆ ಈ ಪುಣ್ಯಾತ್ಮ ಬಹಳ ಮಿತವಾಗಿ ಬಳಸುವವನು! ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಇದಕ್ಕೆ ಹೊಸ ನಿಯಮ ಕೊಟ್ಟರು. ಯಾವ ವಸ್ತುವಿನಲ್ಲಿ ನಿಮ್ಮ ಪಾಲು ಎಲ್ಲಕ್ಕಿಂತ ದೊಡ್ಡದೋ, ಹೋಲಿಕೆ ಅದರ ಮೇಲೆ. ಸ್ಲರ್ಮ್‌ನಲ್ಲೂ ಈಗ ಕೋರ್, ಮೆಮೊರಿ, ಜಿಪಿಯುಗಳಿಗೆ (ಭಾರೀ ಲೆಕ್ಕಗಳನ್ನು ಒಟ್ಟೊಟ್ಟಿಗೆ ಮಾಡುವ ಕಾರ್ಡ್‌ಗಳಿಗೆ) ಬೇರೆ ಬೇರೆ ತೂಕ ಕೊಟ್ಟು ಲೆಕ್ಕ ಹಾಕಬಹುದು. ಜಾಬ್ ಮುಗಿದ ಮೇಲೆ ಸೆಫ್ ಎಂಬ ಪುಟ್ಟ ಕಮಾಂಡ್ ಕೊಟ್ಟರೆ ಕೇಳಿದ್ದೆಷ್ಟು, ಬಳಸಿದ್ದೆಷ್ಟು ಎರಡೂ ಪಕ್ಕಪಕ್ಕದಲ್ಲಿ ಬರುತ್ತವೆ. ಮೊದಲ ಸಲ ನೋಡಿದವರಿಗೆ ಸ್ವಲ್ಪ ನಾಚಿಕೆಯಾಗುತ್ತದೆ.

ಗೂಗಲ್ ಹಿಡಿದ ದಾರಿ ಬೇರೆ. ಅದರ ಕ್ಲಸ್ಟರ್‌ಗಳನ್ನು ನೋಡಿಕೊಳ್ಳುವ ಬೋರ್ಗ್ ವ್ಯವಸ್ಥೆ ಟವೆಲನ್ನು ನಂಬುವುದೇ ಇಲ್ಲ. ಪ್ರತಿ ಕೆಲಸವೂ ನಿಜಕ್ಕೂ ಎಷ್ಟು ಬಳಸುತ್ತಿದೆ ಅಂತ ನೋಡುತ್ತಲೇ ಇರುತ್ತದೆ, ಉಳಿದದ್ದನ್ನು ಕಡಿಮೆ ಅವಸರದ ಕೆಲಸಗಳಿಗೆ ಕೊಡುತ್ತದೆ. ಯಜಮಾನ ಬಂದರೆ ಅವು ಎದ್ದು ಹೋಗಬೇಕು. ಒಂದು ಸಾಮಾನ್ಯ ಕ್ಲಸ್ಟರ್‌ನಲ್ಲಿ ಸುಮಾರು 20 ಶೇಕಡಾ ಕೆಲಸ ಹೀಗೆ ವಾಪಸ್ ಪಡೆದ ಜಾಗದಲ್ಲೇ ನಡೆಯುತ್ತದೆ ಎಂದು ಅವರ 2015ರ ಪ್ರಬಂಧ ಹೇಳಿತು. ವಿಶ್ವವಿದ್ಯಾಲಯಗಳಲ್ಲಿ ಇದು ಅಷ್ಟು ಸುಲಭವಲ್ಲ. ಮೂರು ದಿನದಿಂದ ಓಡುತ್ತಿರುವ ಸಿಮ್ಯುಲೇಶನ್ನನ್ನು ಎಬ್ಬಿಸಿ ಕಳಿಸಿದರೆ ಯಾರು ತಾನೇ ಸುಮ್ಮನಿರುತ್ತಾರೆ?

ಈಗಿನ ತಲೆನೋವು ಜಿಪಿಯು. ಬೆಳಿಗ್ಗೆ ತೆರೆದ ನೋಟ್‌ಬುಕ್ಕನ್ನು (ಬ್ರೌಸರ್‌ನಲ್ಲಿ ಕೋಡ್ ಬರೆದು ಓಡಿಸುವ ಪುಟ) ಮುಚ್ಚದೆ ಯಾರಾದರೂ ಮನೆಗೆ ಹೋದರೆ ಕಾರ್ಡ್ ರಾತ್ರಿಯಿಡೀ ಅವರ ಹೆಸರಿನಲ್ಲೇ. ಇದನ್ನಾದರೂ ಹಿಡಿಯಬಹುದು, ಬಳಕೆ ಸೊನ್ನೆ ಅಂತ ಕಾಣುತ್ತದೆ. ಹಿಡಿಯಲು ಕಷ್ಟವಾಗುವುದು 100 ಶೇಕಡಾ ಅಂತ ತೋರಿಸುವ ಕಾರ್ಡ್. ಜಿಪಿಯು ತಯಾರಿಸುವ ಎನ್‌ವಿಡಿಯಾ ಕಂಪನಿಯ ಕಮಾಂಡ್ ತೋರಿಸುವ ಆ ಸಂಖ್ಯೆಯ ಅರ್ಥ, ಅಷ್ಟು ಹೊತ್ತೂ ಕಾರ್ಡ್ ಮೇಲೆ ಏನೋ ಒಂದು ಓಡುತ್ತಿತ್ತು ಅಂತ ಮಾತ್ರ. ಸಾವಿರಾರು ಗಣಕ ಘಟಕಗಳಲ್ಲಿ ಕೆಲವೇ ಕೆಲವು ದುಡಿದರೂ ಅದು 100 ಅನ್ನಬಹುದು. ಹಾಗಾಗಿ ಕೆಲವು ಅಡ್ಮಿನ್‌ಗಳು ಕಾರ್ಡ್ ಎಷ್ಟು ವ್ಯಾಟ್ ವಿದ್ಯುತ್ ಎಳೆಯುತ್ತಿದೆ ಅಂತಲೂ ನೋಡುತ್ತಾರೆ. 400 ವ್ಯಾಟ್ ಎಳೆಯಬಲ್ಲ ಕಾರ್ಡ್ ಎರಡು ದಿನದಿಂದ 70ರಲ್ಲೇ ನಿಂತಿದ್ದರೆ, ಟವೆಲ್ ಯಾರದ್ದು ಅಂತ ಹುಡುಕಲು ಹೊರಡುತ್ತಾರೆ.