ಹಕ್ಕಿ ಹಾರಿದ್ದೇಕೆ?

ನ್ಯೂ ಹ್ಯಾಂಪ್‌ಶೈರ್‌ನಲ್ಲಿ ತಾವು ಬೇಸಿಗೆ ಕಳೆಯುತ್ತಿದ್ದ ಜಾಗದಿಂದ ಪುಟ್ಟ ವಾರ್ಬ್ಲರ್ ಹಕ್ಕಿಯೊಂದು ಆಗಸ್ಟ್ 25ರ ರಾತ್ರಿಯೇ ದಕ್ಷಿಣಕ್ಕೆ ವಲಸೆ ಹೊರಟದ್ದೇಕೆ? 1961ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಜೀವವಿಜ್ಞಾನಿ ಅರ್ನ್ಸ್ಟ್ ಮಾಯರ್ ಕೇಳಿದ ಪ್ರಶ್ನೆ ಇದು. ಅವರು ಕೊಟ್ಟ ಕಾರಣಗಳು ನಾಲ್ಕು. ಹುಳ ತಿಂದು ಬದುಕುವ ಹಕ್ಕಿ ಚಳಿಗಾಲಕ್ಕೆ ಅಲ್ಲೇ ಉಳಿದರೆ ಹಸಿವಿನಿಂದ ಸಾಯುತ್ತದೆ. ವಲಸೆಯ ಪ್ರವೃತ್ತಿ ಅದಕ್ಕೆ ವಂಶವಾಹಿಯಲ್ಲೇ ಬಂದಿದೆ. ಹಗಲು ಮೊಟಕಾದಂತೆ ಮೈ ಪ್ರಯಾಣಕ್ಕೆ ಅಣಿಯಾಗಿತ್ತು. ಅಂದು ಉತ್ತರದ ತಣ್ಣನೆ ಗಾಳಿಯೂ ಬೀಸಿತು. ಕೊನೆಯ ಎರಡು ಸಮೀಪದ ಕಾರಣಗಳು, ಮೊದಲೆರಡು ಅಂತಿಮ ಕಾರಣಗಳು ಎಂದರು ಮಾಯರ್.

ಮಡಕೆಗೆ ಮಣ್ಣು ಉಪಾದಾನ, ಕುಂಬಾರ ನಿಮಿತ್ತ ಎಂದು ಕೇಳಿ ಬೆಳೆದ ನಮಗೆ ಇದು ಪರಿಚಿತ ಅನ್ನಿಸಬಹುದು. ಆದರೆ ಮಾಯರ್ ಗೆರೆ ಎಳೆದದ್ದು ಕಾಲದ ನಡುವೆ: ಒಂದು ಜೀವದ ಆಯುಷ್ಯದೊಳಗೆ ನಡೆಯುವುದು ಇತ್ತ, ಅಸಂಖ್ಯ ತಲೆಮಾರುಗಳ ನೈಸರ್ಗಿಕ ಆಯ್ಕೆ (ಬದುಕಿಗೆ ಒದಗುವ ಗುಣಗಳು ಉಳಿದು ಹರಡುವುದು) ಅತ್ತ. 1953ರಲ್ಲಿ ಡಿಎನ್ಎ ರಚನೆ ಗೊತ್ತಾದ ಮೇಲೆ ಜೀವವನ್ನೆಲ್ಲ ಅಣುಗಳಿಂದಲೇ ವಿವರಿಸಿಬಿಡಬಹುದೆಂಬ ಹುಮ್ಮಸ್ಸು ಏರಿತ್ತು. ಅಣುಗಳು 'ಹೇಗೆ' ಎಂಬುದನ್ನು ಹೇಳುತ್ತವೆ, 'ಏಕೆ' ಎಂಬುದಕ್ಕೆ ಇತಿಹಾಸ ಬೇಕು ಎಂಬ ಅವರ ಪಟ್ಟು ಆಗ ಅಗತ್ಯವಾಗಿತ್ತು ಎಂದೇ ನನ್ನ ಭಾವನೆ.

ತತ್ತ್ವಜ್ಞಾನಿಗಳು ಇನ್ನೂ ಬುಡಕ್ಕೆ ಕೈ ಹಾಕಿದರು. ಡೆನಿಸ್ ವಾಲ್ಶ್, ಟಿಮ್ ಲೂಯೆನ್ಸ್, ಆಂಡ್ರೆ ಏರಿಯೂ 2002ರಲ್ಲಿ, ಆಯ್ಕೆ ಎಂಬುದು ಜೀವಿಗಳನ್ನು ತಳ್ಳುವ ಬಲವೇ ಅಲ್ಲ, ಬಿಡಿ ಬಿಡಿ ಹುಟ್ಟು-ಸಾವುಗಳ ಅಂಕಿಅಂಶದ ಮೊತ್ತ ಎಂದು ವಾದಿಸಿದರು. ಆ ಜಗಳ ಇನ್ನೂ ಮುಗಿದಿಲ್ಲ.

ಮಾಯರ್ ಲೇಖನಕ್ಕೆ ಐವತ್ತು ತುಂಬಿದ 2011ರಲ್ಲಿ, ಅದೇ 'ಸೈನ್ಸ್'ನಲ್ಲಿ ಜೀವವಿಜ್ಞಾನಿ ಕೆವಿನ್ ಲಾಲಂಡ್, ತತ್ತ್ವಜ್ಞಾನಿ ಕಿಮ್ ಸ್ಟೆರೆಲ್ನಿ ಮತ್ತು ಸಂಗಡಿಗರು ಆ ಗೆರೆಯನ್ನೇ ಪ್ರಶ್ನಿಸಿದರು. ಜೀವಿ ತನ್ನ ನಡವಳಿಕೆಯಿಂದ ಪರಿಸರವನ್ನು ಬದಲಿಸುತ್ತದೆ. ಬದಲಾದ ಪರಿಸರ ಮುಂದಿನ ಆಯ್ಕೆಯ ದಿಕ್ಕನ್ನು ಬದಲಿಸುತ್ತದೆ. ಹಾಗಾದರೆ ಸಮೀಪದ ಕಾರಣವೇ ಅಂತಿಮ ಕಾರಣದೊಳಗೂ ಸೇರಿತಲ್ಲ! ಆ ನಡವಳಿಕೆಯೂ ಹಿಂದಿನ ಆಯ್ಕೆಯ ಫಲವೇ, ಆದ್ದರಿಂದ ಎರಡು ಪ್ರಶ್ನೆಗಳು ಬೇರೆಯಾಗಿಯೇ ಉಳಿಯುತ್ತವೆ ಎನ್ನುವುದು ಮಾಯರ್ ಪರ ಇರುವವರ ಉತ್ತರ.

ನನಗೆ ಲಾಲಂಡ್ ಮಾತು ಮನಸ್ಸಿಗೆ ಹತ್ತಿದ್ದು ಹಾಲಿನ ಕಥೆಯಿಂದ. ಸಸ್ತನಿಗಳು ಸಾಮಾನ್ಯವಾಗಿ ಮೊಲೆ ಬಿಟ್ಟ ಮೇಲೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಕಳೆದುಕೊಳ್ಳುತ್ತವೆ. ಮನುಷ್ಯ ದನ ಸಾಕಿ ಹಾಲು ಕರೆಯಲು ಕಲಿತದ್ದು ಮೊದಲು. ದೊಡ್ಡವರಾದ ಮೇಲೂ ಅದನ್ನು ಅರಗಿಸುವ ವಂಶವಾಹಿ ಹರಡಿದ್ದು ಆಮೇಲೆ. ಅದೂ ಬೇರೆ ಬೇರೆ ರೂಪಾಂತರಗಳಲ್ಲಿ: ಯುರೋಪಿನಲ್ಲಿ ಹರಡಿದ್ದು ಒಂದು, ಪೂರ್ವ ಆಫ್ರಿಕಾದ ದನಗಾಹಿಗಳಲ್ಲಿ ಹರಡಿದ್ದು ಮತ್ತೊಂದು. ಇಲ್ಲಿ ನಡವಳಿಕೆಯೇ ಆಯ್ಕೆಯ ದಿಕ್ಕನ್ನು ಬದಲಿಸಿತು.